ಹನ್ನೊಂದರಿಂದ ಹನ್ನೆರಡೂವರಿ

...ಅದು ಮೀಟರಿಂದಽ ತಪ್ಪು ಅಂತ ಹೇಳ್ತೀನಲ್ರಿ! ನಾ ಯಾಕ ಸುಳ್ಳು ಹೇಳ್ಲಿ? ಇಪ್ಪತ್ತೆಂಟು ವರ್ಷ ಬಾಳೇವು ಮಾಡೀನಿ ನಿಮ್ಮ ಜೋಡಿ... ಮೊದಲ ಕುಂದರ್ರಿ. ಬ್ಯಾಗ್ ಕೆಳಗಿಡ್ರಿ. ಕುಷ್ಟಗಿಯಿಂದ ಇಷ್ಟು ಬಿಸಲಾಗ ಬಂದೀರಿ, ಮಾರಿ ನೋಡ್ರಿ ಹೆಂಗಾಗೈತಿ. ಅಲ್ಲಾ, ದಿನಾ ಸಂಜಿ ಏಳಕ್ಕ ಯಲಬುರ್ಗಾದಾಗ ಇಳಿಯೋರು ಇವತ್ತ ಹನ್ನೆರಡು ಬಡಿಯೋದ್ರಾಗ ಬಾಗಲದಾಗ ನಿಂತ್ರ ಎದಿ ಧಸಕ್ ಅನ್ನಂಗಿಲ್ಲೇನು ಯಾರಿಗರೆ? ಇಲ್ಲೇ ಕುಂದರ್ರಿ, ಪಡಸಾಲ್ಯಾಗ. ನೀರು ನಾನಽ ತರ್ತೀನಿ. ಬಚ್ಚಲ ಕಡೆ ಹೋಗಬ್ಯಾಡ್ರಿ, ಈಗರೆ ಸಾಬಾಣ ಹಾಕಿ ತಿಕ್ಕೀನಿ, ಜಾರತೈತಿ.

ಏನದು ಕಾಗದ? ಕೊಡ್ರಿ ಇಲ್ಲೆ... ಅಬಬಾ, ಎಷ್ಟುದ್ದ ಐತಿ! ತಾರೀಖು... ತಾಸು... ಇದನ್ನೆಲ್ಲಾ ಆ ಮೀಟರಽ ಬರಕೊಂಡು ಕುಂತಿತ್ತೇನು? ಒಂದೊಂದು ತಾಸಿಂದೂ? ಅಯ್ಯ ಶಿವನಽ! ಎರಡೆರಡು ಮೀಟರ್ ಯಾಕ ಬೇಕ್ರಿ ಅಂತ ಅವತ್ತಽ ಬಡಕೊಂಡೆ. ಲೈಟಿಗೆ ಫ್ಯಾನಿಗೆ ಒಂದಿತ್ತು, ಸಾಕಾಗಿತ್ತು. ನೀವಽ ತಂದು ಗ್ವಾಡಿಗೆ ಜಡದ್ರಿ ಇನ್ನೊಂದನ್ನ, ಬರೇ ಬಿಸಿನೀರಿನ ಗೀಜರಿಗೆ. ನಮ್ಮ ಕರೆಂಟ್ ಆಫೀಸಿನವರು ಪ್ರಯೋಗಕ್ಕಂತ ಹತ್ತು ಮನಿಗೆ ಕೊಡಾಕತ್ತಾರ, ಬೆಳಗಿನ ಆರರೊಳಗ ನೀರು ಕಾಸಿದ್ರ ಕಡಿಮಿ ದರ, ಬಿಸಲೇರಿದ ಮ್ಯಾಲೆ ಕಾಸಿದ್ರ ಹೆಚ್ಚಿನ ದರ ಅಂದ್ರಿ. ನಿಮ್ಮ ಮಾತು ಮೀರೀನೇನು ನಾನು? ಐದಕ್ಕಽ ಎದ್ದು ಬಟನ್ ಒತ್ತತೀನಿ, ಆರು ಹೊಡಿಯೋದ್ರಾಗ ಆರಸ್ತೀನಿ. ಅದು ತನ್ನಷ್ಟಕ್ಕ ಮಧ್ಯಾಹ್ನ ತಿರಗಿದ್ರ ನಾ ಏನು ಮಾಡ್ಲಿ?

ಹೌದು, ಗೊತ್ತೈತ್ರಿ, ಚೆಕ್ ಮೀಟರ್ ಹಾಕಿಸಿದ್ರಿ. ಬಾಜೂಕ ಇನ್ನೊಂದು ಮೀಟರ್ ಕೂಡ್ರಿಸಿ ಎರಡೂ ಒಂದಽ ಹೇಳ್ತಾವೇನು ಅಂತ ನೋಡೋದು. ನಿಮ್ಮ ಆಫೀಸಿಗೆ ನೀವಽ ಅರ್ಜಿ ಬರದ್ರಿ. "ಅಮರಪ್ಪಾ, ಊರ ಮಂದಿ ಬಿಲ್ಲಿನ ತಕರಾರು ಬಗಿಹರಸೋನ ಮನ್ಯಾಗಽ ತಕರಾರೇನೋ" ಅಂತ ನಿಮ್ಮ ಸಾಹೇಬ್ರು ನಕ್ಕರಂತಲ್ಲ, ಆ ದಿನ ಊಟಾನಽ ಮಾಡಲಿಲ್ಲ ನೀವು... ಏನು? ಎರಡೂ ಒಂದಽ ಹೇಳ್ಯಾವು? ಹದಿನೈದು ದಿನದಾಗ ಒಂದು ಯೂನಿಟ್ ಸುದ್ದಾ ಹೆಚ್ಚು ಕಡಿಮಿ ಇಲ್ಲ?

ಹಂಗಾರ ಎರಡೂ ಕೆಟ್ಟಾವು!

ನಗಬ್ಯಾಡ್ರಿ. ...ನಗಾಕತ್ತಿಲ್ಲಲ್ಲ ನೀವು.

ಬೆರಳು ಎಲ್ಲಿ ಇಟ್ಟೀರಿ? ಹನ್ನೊಂದರಿಂದ ಹನ್ನೆರಡೂವರಿ. ಇಲ್ಲೂ ಹನ್ನೊಂದರಿಂದ ಹನ್ನೆರಡೂವರಿ. ದಿನಾ... ಹಾಂ! ಅರಿವಿ! ಅರಿವಿ ಒಗಿಯಾಕ ತಗೋತೀನ್ರಿ ಒಂದೆರಡು ಬಕೀಟು. ಈಗ ನೆನಪಾತು. ನಿಮ್ಮ ಅಂಗಿ ಕಾಲರ್ ತಣ್ಣೀರಿಗೆ ಬಿಡಂಗಿಲ್ಲ. ಒಂದೂವರಿ ತಾಸು ಬೇಕೇನು ಅಂತೀರಿ? ನೀವೆಲ್ಲಿ ಅಂತೀರಿ, ನೀವು ಏನೂ ಅನ್ನಂಗಿಲ್ಲ, ನಾನಽ ಅನ್ನಾಕತ್ತೀನಿ. ಇದ್ಯಾಕ ಸೊನ್ನಿ ಐತಿ? ರವಿವಾರ. ಇದೂ ರವಿವಾರ. ಸೊನ್ನಿ. ರವಿವಾರ ಒಗ್ಯಾಣ ಇರಂಗಿಲ್ಲಲ್ರಿ, ಅದಕ್ಕ. ಮತ್ತ ಈ ಬುಧವಾರ...

ಆ ಬುಧವಾರ ನಿಮಗ ಜ್ವರ ಬಂದಿತ್ತು. ಮನ್ಯಾಗ ಮಲಗಿದ್ರಿ.

ಯಾಕ ಹಂಗ ನೋಡ್ತೀರಿ? ನೀವಿದ್ದ ದಿನ ತಿರಗಿಲ್ಲ, ನೀವಿಲ್ಲದ ದಿನ ತಿರಗೈತಿ, ಅದಕ್ಕೇನೀಗ? ...ಛೀ! ಛೀ ಛೀ! ಏನು ತಿಳಕೊಂಡೀರಿ ನನ್ನ? ತಲ್ಯಾಗಿನ ಕೂದಲ ಬೆಳ್ಳಗಾಗ್ಯಾವ್ರಿ ನನ್ನವು! ಬಾಯಿ ಬಿಟ್ಟು ಕೇಳಿಬಿಡ್ರಿ, ಯಾರು ಬರ್ತಾರ ಅಂತ ಕೇಳ್ರಿ! ಇಲ್ಲ, ಕೇಳಂಗಿಲ್ಲ ನೀವು. ನನಗ ಗೊತ್ತೈತಿ ನಿಮ್ಮ ರೀತಿ. ಆಫೀಸಿನ್ಯಾಗೂ ಹಿಂಗಽ ಮಾಡ್ತೀರಂತ. ತಕರಾರು ತಂದವರು ಒದರಾಡ್ತಾರ, ಆಣಿ ಮಾಡ್ತಾರ, ಟೇಬಲ್ ಗುದ್ದತಾರ, ನೀವು ಕಾಗದ ಮುಂದಿಟ್ಟುಕೊಂಡು ಸುಮ್ಮನ ಕುಂದರ್ತೀರಿ. ಆಮ್ಯಾಲೆ ಅವರಽ, ಸರ್, ಒಂದು ಸಣ್ಣ ವಾಯರ್ ಎಳಕೊಂಡಿದ್ದೆ ಅಂತ ಕೈ ಮುಗೀತಾರಂತ. ನಾ ಕೈ ಮುಗಿಯಾಕಿ ಅಲ್ಲ.

ಏನು ಮೂಸಾಕತ್ತೀರಿ? ಲೋಬಾನದ ಹೊಗಿ. ಸೊಳ್ಳಿಗೆ ಹಾಕೀನಿ. ಹಗಲೊತ್ತಿನ್ಯಾಗೂ ಕಡೀತಾವು ಈಗೀಗ...

ಆತ್ರಿ. ಆತು, ಹೇಳ್ತೀನಿ. ಲೋಬಾನ ಕೂಸಿಗೆ ಹಾಕೀನಿ. ದಾನಿ ಬರ್ತಾಳ. ನಿಮ್ಮ ಮಗಳು ದಾನೇಶ್ವರಿ, ಅದಽ ದಾನಿ. ಹಡದಾಳ. ಎರಡೂವರಿ ತಿಂಗಳಾತು, ಹೆಣ್ಣು. ಹುಬ್ಬು ಥೇಟ್ ನಿಮ್ಮವು.

ಆಕಿ ಗಂಡ, ಆ ಜಮೀರ, ಬಸ್‌ಸ್ಟ್ಯಾಂಡ್ ಹಿಂದ ಒಂದು ಖೋಲಿ ಹಿಡದಾನ. ಟ್ರ್ಯಾಕ್ಟರ್ ಟ್ರೇಲರಿಗೆ ಬಣ್ಣ ಹೊಡೀತಾನ, ದುಡೀತಾನ, ಇಲ್ಲ ಅನ್ನಂಗಿಲ್ಲ. ಆದ್ರ ಬಚ್ಚಲ ಅಂದ್ರ ಹಿಂದ ನಾಕು ತಗಡು ನಿಲ್ಲಿಸ್ಯಾರ, ಅಷ್ಟಽ. ಆಕಿ ಅತ್ತಿ ಗೌಸಬೀ ಮೂರು ಕಲ್ಲು ಹೂಡಿ ನೀರು ಕಾಸ್ತಿದ್ಲು. ಆಕಿಗೆ ಮೊದಲಽ ದಮ್ಮು. ಹೊಗಿ ಕುಡದು ಹಾಸಗಿ ಹಿಡದ್ಲು. ಬಾಣಂತಿಗೆ ಸುಡುಸುಡು ನೀರು ಬೇಕ್ರಿ, ಹೊಟ್ಟಿಗೆ ಬೆನ್ನಿಗೆ ಚರಿಗಿ ಮ್ಯಾಲೆ ಚರಿಗಿ ಹೊಡೀಬೇಕು. ಕೂಸಿನ ಕಾಲ ಮ್ಯಾಲೆ ಹಾಕ್ಕೊಂಡು ಎರಿಬೇಕು. ಇದು ನಿಮ್ಮ ದರಕ್ಕ ಏನು ಗೊತ್ತು? ಬೆಳಗಿನ ಐದಕ್ಕ ಕರೀಲೇನು, ನೀವು ಮನ್ಯಾಗ ಇರ್ತೀರಿ. ನಿಮ್ಮ ಬಸ್ಸು ಹೋಗಬೇಕು, ಓಣಿ ಹೆಣ್ಣುಮಕ್ಕಳು ಒಳಗ ಸೇರಬೇಕು, ಆಮ್ಯಾಲೆ ಸೆರಗು ಹೊಚಗೊಂಡು ಹಿತ್ತಲ ಬಾಗಲಿಂದ ಬರ್ತಾಳ, ತನ್ನ ಮನಿಗೆ ತಾನಽ ಕಳ್ಳರಂಗ.

ಹೂಂ. ಈಗೂ ಒಳಗ ಅದಾಳ. ಆ ನೀರಿನ ಸಪ್ಪಳ ಕೇಳಸ್ತೈತಲ್ಲ, ಆಕಿದಽ. ಕುಂದರ್ರಿ! ಏಳಬ್ಯಾಡ್ರಿ! ನಿಮ್ಮ ಕಾಲ ಬೀಳ್ತೀನಿ, ಇನ್ನೂ ಹಸಿ ಮೈ ಐತಿ ಆಕಿದು, ಏನೂ ಅನ್ನಬ್ಯಾಡ್ರಿ. ಹೊರಗ ಹಾಕೋದಿದ್ರ ನನ್ನ ಹಾಕ್ರಿ. ನಾಳಿಂದ ಬರಬ್ಯಾಡ ಅಂತ ಆಕಿಗೆ ಇನ್ನೊಮ್ಮೆ ನಾ ಹೇಳಲಾರೆ... ನನ್ನ ಬಾಯಿಲೆ ಬರಂಗಿಲ್ಲ ಅದು.

ಕಲ್ಲು ಏನ್ರಿ ನೀವು? ನೀವಂದ ಮಾತು ಆಕಿ ಎದಿಯಾಗ ಹೆಂಗ ನಟ್ಟೈತಿ ಗೊತ್ತೇನು? ದಿನಾ ಕೇಳ್ತಾಳ. ಬೆನ್ನ ಮ್ಯಾಲೆ ನೀರು ಬೀಳಾಕತ್ತಿದ್ರ ಕೇಳ್ತಾಳ, "ಅವ್ವಾ, ಖರೇನ ಅಪ್ಪ ಹಂಗ ಅಂದನೇನು? ನಾ ಅವನ ಪಾಲಿಗೆ ಸತ್ತೀನಿ ಅಂದನೇನು?" ನಾನು ಹೂಂ ಅಂತೀನಿ, ಇನ್ನೊಂದು ಚರಿಗಿ ಎತ್ತತೀನಿ. ಅಳಾಕತ್ತಾಳೋ ನೀರು ಇಳೀತೈತೋ ಗೊತ್ತಾಗಂಗಿಲ್ಲ. ಒಬ್ಬಕಿ ಮಗಳಿಗೆ ಅಂಥಾ ಮಾತು ಅಂದೀರಲ್ಲ, ತಾಯಿ ಆದಾಕಿ ನಾ...

ಏನು?

ಯಾಕ ಹಂಗ ನೋಡ್ತೀರಿ? ಅಂದೀರಿ. ಅಂದೀರಲ್ರಿ... ಕುಬಸದ ದಿನ. ಗೌಸಬೀ ಆಕಿನ್ನ ಕರಕೊಂಡು ಬಾಗಲಿಗೆ ಬಂದ್ಲು, ಬಸರಿ ಹುಡುಗಿಗೆ ತವರಮನಿ ಕುಬಸ ಬೇಕು, ಒಂದು ಕುಬಸದ ಖಣ ಕೊಟ್ರ ಸಾಕು ಅಂದ್ಲು. ನೀವು ಆವಾಗ... ನೀವೆಲ್ಲಿದ್ರಿ ಅವತ್ತ? ಕುಷ್ಟಗ್ಯಾಗ ಇದ್ರಿ. ಹಂಗಾರ ಹಿಂದಿನ ದಿನ ಅಂದಿರಬೇಕು. ಊಟಕ್ಕ ಕುಂತಾಗ ಕೇಳಿದ್ನಲ್ಲ, ದಾನಿ ಬಂದ್ರ ಏನು ಮಾಡೂಣ್ರಿ ಅಂತ. ನೀವು ರೊಟ್ಟಿ ಮುರಕೊಂಡು... ಮುರಕೊಂಡದ್ದನ್ನ ತಾಟಿನ್ಯಾಗಽ ಬಿಟ್ಟು... ಗ್ವಾಡಿ ಕಡೆ ನೋಡ್ತಾ ಕುಂತ್ರಿ. ಎಷ್ಟೊತ್ತನಕಾ ಕುಂತಿದ್ರಿ. ಆಮ್ಯಾಲೆ ಎದ್ದು ಕೈ ತೊಳಕೊಂಡ್ರಿ.

ಏನಂದ್ರಿ ಎದ್ದು? ಏನೋ ಅಂದ್ರಲ್ರಿ. ಹೇಳ್ರಿ, ಅಂದೆ ಅಂತ ಹೇಳಿಬಿಡ್ರಿ... ಒಮ್ಮೆ ಗೋಣರೆ ಹಾಕ್ರಿ.

...ಅನ್ನಲಿಲ್ಲ. ನೀವು ಏನೂ ಅನ್ನಲಿಲ್ಲ.

ಅಂದಾಕಿ ನಾನು. ಹೊಸ್ತಲದಾಗ ನಿಂತು ನಾನಽ ಅಂದೆ. ಏಳು ತಿಂಗಳ ಹೊಟ್ಟಿ ಹೊತ್ತುಕೊಂಡು, ಹಸರ ಸೀರಿ ಉಟ್ಟುಕೊಂಡು ಬಂದಿದ್ಲು. "ನಿಮ್ಮಪ್ಪನ ಪಾಲಿಗೆ ನೀ ಸತ್ತೀಯಂತ" ಅಂದು ಬಾಗಲ ಹಾಕಿದೆ. ಸಿಟ್ಟಿತ್ರಿ ನನಗ! ಜಮೀರನ ಜೋಡಿ ಓಡಿ ಹೋಗೋ ದಿನ ಬೆಳಿಗ್ಗೆ ನನ್ನ ಮುಂದ ಕುಂತು ತಲಿ ಬಾಚಿಸಿಕೊಂಡು ಹೋದ್ಲು, ಒಂದು ಮಾತು ಹೇಳಲಿಲ್ಲ. ಮೇಜಿನ ಮ್ಯಾಲೆ ನಿಮಗ ಚೀಟಿ ಬರದಿಟ್ಟಿದ್ಲು, ನಿಮಗ! ಹಡದಾಕಿಗೆ ಒಂದಕ್ಷರ ಇಲ್ಲ. ಓಣಿ ಮಂದಿ ಎಲ್ಲಾ ನನ್ನನ್ನಽ ಕೇಳಿದ್ರು, ನಿಮಗ ಗೊತ್ತಾಗಲಿಲ್ಲೇನು ವಿರೂಪಾಕ್ಷಮ್ಮಾ ಅಂತ. ನನ್ನ ಸಿಟ್ಟು ಅಂತ ಹೇಳಿದ್ರ ದಾನಿ ನನ್ನ ದ್ವೇಷ ಮಾಡ್ತಾಳ ಅಂತ ಅಂಜಿದೆ. ನಿಮ್ಮ ಹೆಸರು ಹೇಳಿದೆ. ನೀವು ಹೆಂಗೂ ಮಾತಾಡಂಗಿಲ್ಲ... ಇಲ್ಲ ಅಂತ ಹೇಳಾಕ ಹೋಗಂಗಿಲ್ಲ ಅಂತ ಗೊತ್ತಿತ್ತು ನನಗ. ಆಮ್ಯಾಲೆ ಕೂಸು ಹುಟ್ಟಿದ ಸುದ್ದಿ ಕೇಳಿ ಓಡಿ ಹೋದೆ. ಅವ್ವಾ, ಅಪ್ಪಗ ಗೊತ್ತಾದ್ರ ನಿನ್ನ ಬಿಡಂಗಿಲ್ಲ, ಆದರೂ ಬಂದೀಯಲ್ಲ ಅಂತ ಅಪ್ಪಿಕೊಂಡು ಅತ್ಲು. ಆವಾಗ ಹೆಂಗ ಹೇಳ್ಲಿ? ನೀವಽ ಹೇಳ್ರಿ, ಯಾವ ಬಾಯಿಲೆ ಹೇಳ್ಲಿ?

ಕೈಸನ್ನಿ ಯಾಕ ಮಾಡ್ತೀರಿ? ಸಣ್ಣಗ ಮಾತಾಡು ಅಂತೇನು? ಇನ್ನೆಂಥಾ ಸಣ್ಣಗ...

ನೀರಿನ ಸಪ್ಪಳ ಯಾವಾಗ ನಿಂತೈತಿ?

ರೀ... ಯಾವಾಗ ನಿಂತೈತ್ರಿ ಅದು?

ದಾನೀ? ...ಹೊರಗ ಬಂದೇನವ್ವಾ. ಯಾಕ ಅಲ್ಲೇ ನಿಂತಿ ಹಸಿ ಕೂದಲದಾಗ? ಬಾ, ಕೂಸಿನ ನನಗ ಕೊಡು, ತಲಿ ವರಸ್ತೀನಿ, ಥಂಡಿ ಆಗತೈತಿ. ಕೊಡವ್ವಾ... ಅಪ್ಪಗ ಕೊಡ್ತೀ? ಹೂಂ, ಕೊಡು, ಅಪ್ಪಗಽ ಕೊಡು. ಹಂಗಲ್ರೀ, ಕುತ್ತಿಗಿ ಕೆಳಗ ಕೈ ಹಾಕ್ರಿ, ಹಾಂ, ಹಂಗ. ಅಳಬ್ಯಾಡ್ರಿ, ಕೂಸು ಅಂಜತೈತಿ.

ದಾನೀ, ಇಲ್ಲಿ ನೋಡು. ಬೈಯಿ ನನಗ. ಬಾಯಿಗೆ ಬಂದಂಗ ಬೈಯಿ, ನಾ ಏನೂ ಅನ್ನಂಗಿಲ್ಲ. ನಿಮ್ಮಪ್ಪನಂಗ ನೀನೂ ಸುಮ್ಮನಾಗಬ್ಯಾಡವ್ವಾ... ಏನರೆ ಅನ್ನು... ಒಂದು ಮಾತರೆ ಅನ್ನು ದಾನೀ...