ಮುಚ್ಚಳದ ಮೇಲಿನ ಚೀಟಿ

ಸಿಂಗಪುರದ ನಮ್ಮ ಸಂಶೋಧನಾಲಯದ ಕ್ಯಾಂಟೀನಿನಲ್ಲಿ ತೇ ತಾರಿಕ್ ಚಹಾದ ಸಾಲು ಎಂದೂ ಬೇಗ ಕರಗುವುದಿಲ್ಲ. ನನ್ನ ಮುಂದೆ, ಮೀನಿನ ಭ್ರೂಣದಲ್ಲಿ ಹೃದಯ ಮೂಡುವುದನ್ನು ಅಧ್ಯಯನ ಮಾಡುವ ಡಾಕ್ಟರ್ ಸ್ಯೂ ಯೆನ್. ಜೊತೆಗೆ ಮೀನುತೊಟ್ಟಿಗಳನ್ನು ನೋಡಿಕೊಳ್ಳುವ ರೊಹೈಜಾ, ವಯಸ್ಸಿನಲ್ಲಿ ಹಿರಿಯಳು.

“ಸರಿಯಾಗಿ ನೋಡಿದ್ರಾ, ಅಕ್ಕಾ?” ಎಂದಳು ಸ್ಯೂ ಯೆನ್.

“ಮೂರು ಸಲ ನೋಡ್ದೆ ಡಾಕ್ಟ್ರೇ. ತೊಟ್ಟಿ ತಳದಲ್ಲಿ ಗೀಚಿರೋ ನಂಬರೇ ಬೇರೆ, ಮುಚ್ಚಳದ ಮೇಲಿನ ಚೀಟೀನೇ ಬೇರೆ. ಹೋದ ವರ್ಷ ತೊಳೆದಾಗ ಏಳರ ಮುಚ್ಚಳ ಎಂಟಕ್ಕೆ ಹಾಕಿಬಿಟ್ಟಿದೀವಿ, ಎಂಟರದ್ದು ಏಳಕ್ಕೆ.”

“ಅಂದ್ರೆ ವರ್ಷವಿಡೀ ನಾನು ಬೇರೆ ಮೀನಿನ ಮರಿ ನೋಡ್ತಿದ್ದೆ! ಹೃದಯ ಕೆಡಿಸೋ ಜೀನ್ ಇದೇ ಅಂತ ಬರೆದಿದ್ದೆಲ್ಲ ತಪ್ಪು.”

“ಲೇಖನ ಇನ್ನೂ ಅಚ್ಚಾಗಿಲ್ವಲ್ಲ?”

“ಸೋಮವಾರ ಬರುತ್ತೆ. ಅದನ್ನ ನಂಬಿಯೇ ಒಸಾಕಾದವರು ಕೆಲಸ ಕೊಟ್ಟಿರೋದು. ಇಲ್ಲಿ ಮುಂದಿನ ತಿಂಗಳಿಗೆ ನನ್ನ ಅವಧಿ ಮುಗೀತು.”

ಸಾಲು ಒಂದು ಹೆಜ್ಜೆ ಸರಿಯಿತು.

“ಅಕ್ಕಾ, ಸೋಮವಾರ ಕಳೆಯೋವರೆಗೂ ಮುಚ್ಚಳ ಹಾಗೇ ಇರ್ಲಿ.”

“ಬೆಳಗ್ಗೆನೇ ಸರಿಮಾಡಿದ್ನಲ್ಲಾ. ಮೀನುಕೋಣೆ ಪುಸ್ತಕದಲ್ಲೂ ಬರೆದೆ.”

“ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳೋದೇನು? ನಾನು ಸೇರಿದ ದಿನ ನೀವೇ ಹೇಳಿದ್ದು, ತಪ್ಪು ಚೀಟಿ ಕಂಡ್ರೆ ನಿಂತ ಕಾಲಲ್ಲೇ ಸರಿಮಾಡಿ, ಯಾರಿಗೂ ಕಾಯಬೇಡಿ ಅಂತ.”

“ಪುಸ್ತಕ ಯಾರಾದ್ರೂ ನೋಡಿದ್ರಾ?”

“ಇನ್ನೂ ಇಲ್ಲ.”

ಸ್ಯೂ ಯೆನ್ ಸಾಲು ಬಿಟ್ಟು ಲಿಫ್ಟಿನ ಕಡೆ ಓಡುವಂತೆ ನಡೆದಳು. ರೊಹೈಜಾ ಅವಳ ಹಿಂದೆಯೇ ಹೊರಟಳು.

“ಅಳಿಸೋಕಾಗಲ್ಲ ಡಾಕ್ಟ್ರೇ! ಅಳಿಯದ ಪೆನ್ನಲ್ಲೇ ಬರೆದಿದೀನಿ. ಅದನ್ನೂ ಕಲಿಸಿದ್ದು ನೀವೇ.”