ಕಾಗವಾಡದಲ್ಲಿ ಹಳೆಯ ಹಿಂದಿ ಪ್ರೇಮಚಿತ್ರಗಳ ಕ್ಯಾಸೆಟ್ ಸುಟ್ಟ ಬಗ್ಗೆ

ಹೆಸರು: ಗಿರಿಜವ್ವ ಕೋಂ ದಿವಂಗತ ತವನಪ್ಪ ಚೌಗಲಾ. ವಯಸ್ಸು: 48 ವರ್ಷ. ಉದ್ಯೋಗ: ವಿಡಿಯೊ ಕ್ಯಾಸೆಟ್ ಲೈಬ್ರರಿ. ಸಾಕಿನ್: ಕಾಗವಾಡ, ತಾಲೂಕು ಅಥಣಿ, ಜಿಲ್ಲೆ ಬೆಳಗಾವಿ.

ಇಂದು ನಾನು ಖುದ್ದಾಗಿ ಠಾಣೆಗೆ ಹಾಜರಾಗಿ, ವಿಚಾರಿಸಲಾಗಿ ಹೇಳಿ ಬರೆಸಿದ್ದು ಏನೆಂದರೆ:

ಬಸ್ ನಿಲ್ದಾಣದಿಂದ ಸುಮಾರು ಇನ್ನೂರು ಮೀಟರ್ ದೂರದಲ್ಲಿ ನನ್ನ ಮನೆ ಇದೆ. ಮುಂದಿನ ಖೋಲಿಯಲ್ಲಿ ಲೈಬ್ರರಿ, ಹಿಂದೆ ವಾಸ. ನನ್ನ ಗಂಡನಿಗೆ ಹಳೆಯ ಹಿಂದಿ ಪ್ರೇಮಚಿತ್ರಗಳ ಹುಚ್ಚು. ಮುಂಬೈಗೆ ಹೋದಾಗಲೆಲ್ಲ ಹುಡುಕಿ ಅಸಲಿ ಕ್ಯಾಸೆಟ್ ತರುತ್ತಿದ್ದರು. ಅವನ್ನು ಬಾಡಿಗೆಗೆ ಕೊಡುತ್ತಿರಲಿಲ್ಲ. ಎರಡು ವಿ.ಸಿ.ಆರ್. ಜೋಡಿಸಿ ಕಾಪಿ ಮಾಡಿ, ಕಾಪಿಯನ್ನಷ್ಟೇ ಜನರಿಗೆ ಕೊಟ್ಟು, ಅಸಲಿಯನ್ನು ಕಬ್ಬಿಣದ ಟ್ರಂಕಿನಲ್ಲಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನಾನು ಮಾಡುತ್ತ ಬಂದಿದ್ದೇನೆ. ಮಳೆಗಾಲದಲ್ಲಿ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಒಂದೊಂದನ್ನೂ ಹೊರತೆಗೆದು ಕೊನೆಯವರೆಗೆ ಓಡಿಸಿ, ಮರಳಿ ಸುತ್ತಿ, ಒಣಗಿದ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಮಿರಜ, ಸಾಂಗಲಿಯ ಅಂಗಡಿಯವರೂ ಚಿತ್ರ ಸ್ವಚ್ಛವಾಗಿ ಬರುತ್ತದೆಂದು ನನ್ನಲ್ಲಿಗೇ ಬಂದು ಕಾಪಿ ಮಾಡಿಸಿಕೊಳ್ಳುತ್ತಿದ್ದರು.

ನಮ್ಮ ಓಣಿಯ ಸುಂದರಾ, ವಯಸ್ಸು 20, ಈ ಕೆಲಸದಲ್ಲಿ ನನಗೆ ಜೊತೆಯಾಗುತ್ತಿದ್ದಳು; ನನ್ನನ್ನು ಮಾವಶಿ (ಚಿಕ್ಕಮ್ಮ) ಎಂದು ಕರೆಯುತ್ತಿದ್ದಳು. ದ್ರಾಕ್ಷಿ ಟೆಂಪೊ ಓಡಿಸುವ ಹಾಲಸಿದ್ದನನ್ನು ಮದುವೆಯಾಗುವುದಾಗಿ ನನಗೆ ಹೇಳಿದ್ದಳು. ಅವನದು ಕುರಿ ಸಾಕುವ ಮನೆತನ. ಇವಳ ಮನೆಯವರು ಒಪ್ಪುವವರಲ್ಲ.

ದಿನಾಂಕ 17-2-1993ರಂದು ಮಧ್ಯಾಹ್ನ ಮೂರರ ಸುಮಾರಿಗೆ ಸುಂದರಾ ಬರಿಗಾಲಲ್ಲಿ ಓಡಿ ಬಂದಳು. ಅವಳ ಎಡಗೆನ್ನೆ ಬಾತಿತ್ತು. "ಮಾವಶಿ, ಅಣ್ಣಗ ಗೊತ್ತಾಗೈತ್ರಿ. ಕುಡಗೋಲ ಹಿಡಕೊಂಡು ಹುಡಕಾಕತ್ತಾನ. ಇವತ್ತ ನನ್ನ ಜೀವಂತ ಬಿಡೂದಿಲ್ರಿ" ಎಂದಳು. ನಾನು ಅವಳನ್ನು ಹಿಂದಿನ ಖೋಲಿಯಲ್ಲಿ ಜೋಳದ ಚೀಲಗಳ ಮರೆಗೆ ಕೂರಿಸಿದೆ. ಹಿತ್ತಲಿನಿಂದ ಕಳಿಸಬೇಕೆಂದು ಕಿಂಡಿಯಲ್ಲಿ ನೋಡಿದಾಗ, ಅವಳ ಕಾಕಾ ಲಗಮಣ್ಣ ಹಿಂದಿನ ಸಂದಿಯಲ್ಲಿ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದ.

ಅಷ್ಟರಲ್ಲಿ ಅವಳ ಅಣ್ಣ ಬಾಳಾಸಾಬ ಮುಂದಿನಿಂದ ಒಳಬಂದ. ಅವನ ಕೈಯಲ್ಲಿ ಕುಡುಗೋಲು ಇತ್ತು. ಅದುವರೆಗೆ ನನ್ನನ್ನು ಮಾವಶಿ ಎಂದು ಕರೆಯುತ್ತಿದ್ದವನು ಅಂದು ಯಾರೋ ಪರ ಹೆಂಗಸನ್ನು ಕರೆದಂತೆ, "ಏ ಬಾಯಿ, ನಿನ್ನ ಪಿಚ್ಚರ್ ನೋಡಿ ನೋಡಿ ನಮ್ಮ ಹುಡುಗಿ ಕೆಟ್ಟಾಳ. ಎಲ್ಲಿ ಮುಚ್ಚಿಟ್ಟಿ, ಹೇಳ" ಎಂದ. ನನಗೆ ಗೊತ್ತಿಲ್ಲವೆಂದೆ. ಅವನು ಕಪಾಟಿನ ಕ್ಯಾಸೆಟ್‌ಗಳನ್ನು ನೆಲಕ್ಕೆ ಕೆಡವಿ, ಟೇಪು ಎಳೆದು ಹರಿಯತೊಡಗಿದ. ಬಳಿಕ ಒಳಗೇನಿದೆ ಎಂದು ಕೇಳುತ್ತ ಹಿಂದಿನ ಖೋಲಿಯ ಪರದೆಗೆ ಕೈ ಹಾಕಿದ.

ನಾನು ಅಡ್ಡ ನಿಂತು, "ಒಳಗ ದೇವರ ಜಗಲಿ ಐತಿ, ಚಪ್ಪಲಿ ಹಾಕ್ಕೊಂಡ ಬರಬ್ಯಾಡ. ಇವೆಲ್ಲಾ ಬರೇ ಕಾಪಿ. ಸುಡೂದಿದ್ರ ಅಸಲಿ ಮಾಲ ಸುಡ, ನಾನ ತಂದ ಕೊಡ್ತೀನಿ" ಎಂದೆ. ಈ ಮಾತು ಹೇಗೆ ಬಾಯಿಗೆ ಬಂತೋ ನನಗೆ ತಿಳಿಯದು. ಅವನು ಹೊಸ್ತಿಲಲ್ಲೇ ನಿಂತ. ನಾನು ಒಳಗೆ ಹೋಗಿ ಟ್ರಂಕನ್ನು ಎಳೆಯುವಾಗ, ಸುಂದರಾ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಿದ್ದುದನ್ನು ಕಂಡೆ. ಸಂದಿ ಖಾಲಿಯಾದೊಡನೆ ಹೋಗೆಂದು ಹಿತ್ತಲ ಬಾಗಿಲ ಕಡೆಗೆ ಕಣ್ಣಿನಿಂದ ಸನ್ನೆ ಮಾಡಿದೆ.

ಬಾಳಾಸಾಬ ಟ್ರಂಕನ್ನು ಅಂಗಳಕ್ಕೆ ಎಳೆದು ಬೋರಲು ಹಾಕಿದ. ನೂರಕ್ಕೂ ಹೆಚ್ಚು ಕ್ಯಾಸೆಟ್‌ಗಳು ಬಟ್ಟೆ ಸಮೇತ ಬಿದ್ದವು. ಅವನು ಸೀಮೆಎಣ್ಣೆ ಕೇಳಿದ. ಮನೆಯಲ್ಲಿ ಇದ್ದರೂ ಇಲ್ಲವೆಂದೆ. ಆಗ ಅವನು, "ಕಾಕಾ, ಗಾಡಿ ಮುಂದ ತಗೊಂಬಾ, ಪೆಟ್ರೋಲ್ ಬೇಕು" ಎಂದು ಕೂಗಿದ. ಲಗಮಣ್ಣ ಸಂದಿ ಬಿಟ್ಟು ಮುಂದೆ ಬಂದು ಪೆಟ್ರೋಲ್ ಇಳಿಸಿಕೊಟ್ಟ. ಬಾಳಾಸಾಬ ಕಡ್ಡಿ ಕೊರೆದ. ಟೇಪು ಮುರುಟಿ, ಕಪ್ಪು ಹೊಗೆ ಎದ್ದಿತು. ಓಣಿಯ ಜನ ದೂರ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ.

ಆಗ ಒಳಗೆ ಹಿತ್ತಲ ಬಾಗಿಲಿನ ಚಿಲಕ ಸರಿದ ಸಪ್ಪಳ ನನಗೆ ಕೇಳಿಸಿತು. ಅವರಿಗೆ ಕೇಳಿಸದಿರಲಿ ಎಂದು ನಾನು ಎದೆ ಬಡಿದುಕೊಂಡು ಗಟ್ಟಿಯಾಗಿ ಅತ್ತೆ. ಅತ್ತದ್ದು ನಾಟಕವಾಗಿರಲಿಲ್ಲ. ನನ್ನ ಗಂಡ ತೀರಿದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಬೆಂಕಿ ತಗ್ಗಿದ ಮೇಲೆ ಬಾಳಾಸಾಬ ಚಪ್ಪಲಿ ಸಮೇತ ಒಳಗೆ ಹೋಗಿ, ಚೀಲಗಳ ಹಿಂದೆ ಬಿದ್ದಿದ್ದ ಒಡೆದ ಹಸಿರು ಬಳೆಯ ಚೂರು ಹಿಡಿದು ಹೊರಗೆ ಬಂದ. ಸಿಟ್ಟಿನಿಂದ ಕೂಗಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, "ಅಕಿ ಸಿಗಲಿಲ್ಲಂದ್ರ ನೀ ಅದೀಯಲ್ಲ" ಎಂದು ಮೆಲ್ಲಗೆ ಹೇಳಿ ಹೋದ. ಅಂದಿನಿಂದ ನಾನು ದೀಪ ಆರಿಸಿಲ್ಲ. ಬಾಗಿಲಲ್ಲಿ ಬೆಕ್ಕು ಸುಳಿದರೂ ಜೀವ ಬಾಯಿಗೆ ಬರುತ್ತದೆ. ಈ ಕಾರಣದಿಂದ ಫಿರ್ಯಾದು ಕೊಡಲು ಎರಡು ದಿನ ತಡವಾಗಿದೆ. ಈಗಲೂ ಲಗಮಣ್ಣ ಠಾಣೆಯ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದಾನೆ. ನನ್ನನ್ನು ಮನೆಗೆ ಮುಟ್ಟಿಸಲು ಒಬ್ಬರು ಪೊಲೀಸರನ್ನು ಜೊತೆಗೆ ಕಳಿಸಬೇಕು, ಸದರಿ ಇಬ್ಬರ ಮೇಲೆ ಕ್ರಮ ಕೈಗೊಳ್ಳಬೇಕು.

ಸುಟ್ಟ ಮಾಲಿನ ಕಿಮ್ಮತ್ತು ಎಷ್ಟೆಂದು ಸಾಹೇಬರು ಕೇಳಿದರು. ಅವುಗಳಲ್ಲಿ ಕೆಲವು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸುಂದರಾ ಎಲ್ಲಿದ್ದಾಳೆಂದೂ ಕೇಳಿದರು. ಇಂದು ಬೆಳಿಗ್ಗೆ ಒಬ್ಬ ಹೆಂಗಸು ಮಜ್ಜಿಗೆ ಕೊಡುವ ನೆಪದಲ್ಲಿ ಬಂದು, "ಇಬ್ಬರೂ ಮುಟ್ಟ್ಯಾರ, ಲಗ್ನಾನೂ ಆಗೈತಿ" ಎಂದಷ್ಟೇ ಹೇಳಿ ಹೋದಳು. ಅವಳ ಹೆಸರು ಹೇಳಲು ನನಗೆ ಭಯವಿದೆ. ಯಾವ ಊರು ಮುಟ್ಟಿದರೆಂದು ಅವಳು ಹೇಳಲು ಬಾಯಿ ತೆರೆದಾಗ, ನಾನೇ ಕೈ ಅಡ್ಡ ಹಿಡಿದು ಬೇಡವೆಂದೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಖರೆ ಇದೆ.

ಸ್ಥಳ: ಕಾಗವಾಡ
ದಿನಾಂಕ: 19-2-1993
ಸಹಿ: ಗಿರಿಜವ್ವ ತ. ಚೌಗಲಾ