ಲೊವೆಲ್‌ನ ಕಾಲಿನ ಪರಿಹಾರ

ಓಹಾಯೋದ ಔಷಧಿ ಅಂಗಡಿಯ ಸಾಲಿನಲ್ಲಿ ಔಷಧಿ ಚೀಟಿ ಹಿಡಿದು ನಿಂತಿದ್ದ ವರ್ನಾಳ ಮುಂದೆ, ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡ ಲೊವೆಲ್ ಗಾಲಿಕುರ್ಚಿಯಲ್ಲಿದ್ದ. ಕುರ್ಚಿ ಹಿಡಿದು ನಿಂತವಳು ಅವನ ಅಕ್ಕ ಡಾರ್ಲಾ.

“ಲಾರಿಯವರು ಕೊಟ್ಟ ಪರಿಹಾರನೆಲ್ಲ ನಮ್ಮ ಕಾರ್ಖಾನೆ ವಿಮೆಯವರು ವಾಪಸ್ ಕೇಳ್ತಿದಾರೆ ಅಕ್ಕಾ.”

“ಆಸ್ಪತ್ರೆ ಬಿಲ್ ಕಟ್ಟಿದ್ದು ಅವರೇ ಅಲ್ವೇನೋ?”

“ಕಾಲು ಕೊಟ್ಟಿದ್ದು ನಾನಲ್ವಾ?”

“ಬೇರೆ ಕಡೆಯಿಂದ ಪರಿಹಾರ ಬಂದ್ರೆ ಬಿಲ್ಲಿನ ದುಡ್ಡು ವಾಪಸ್ ಕೊಡ್ತೀನಿ ಅಂತ ಕೆಲಸಕ್ಕೆ ಸೇರುವಾಗ ಒಪ್ಪಿ ಸಹಿ ಹಾಕಿದ್ದೀಯ.”

“ನೀನು ಆ ವಿಮೆ ಆಫೀಸಲ್ಲೇ ಕೆಲಸ ಮಾಡ್ತಿದೀಯ. ಯಾರಿಗಾದ್ರೂ ಒಂದು ಮಾತು ಹೇಳು.”

ಡಾರ್ಲಾ ಅವನ ಕಾಲರ್ ಸರಿಮಾಡಿದಳು. “ನಿನಗೆ ದುಡ್ಡು ಬಂತು ಅಂತ ಅವರಿಗೆ ತಿಳಿಸಿದ್ದೇ ನಾನು ಕಣೋ. ನನ್ನ ಕೆಲಸ ಅದು.”

ವರ್ನಾ ಕೈಯಲ್ಲಿದ್ದ ಚೀಟಿ ಓದುವವಳಂತೆ ತಲೆ ತಗ್ಗಿಸಿದಳು.

“ಕುರ್ಚಿಯಿಂದ ಕೈ ತೆಗಿ.”

“ತೆಗೆದ್ರೆ ಕಾರು ಹತ್ತಿಸೋರು ಯಾರು?”

ಅಷ್ಟರಲ್ಲಿ ಅವರ ಸರದಿ ಬಂತು. ಡಾರ್ಲಾ ಔಷಧಿಯ ಪೊಟ್ಟಣವನ್ನು ಅವನ ತೊಡೆಯ ಮೇಲಿಟ್ಟು, ಕುರ್ಚಿ ತಳ್ಳಿಕೊಂಡು ಹೊರಟಳು.